ಕಿವಿಯಣ್ಣ ಬೀಗರಿಗೆ ಗ್ರೈಂಡರ್ ಆರಿಸಿದ್ದು

ಠಣ್, ಠಣ್, ಠಣ್.

ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕಬ್ಬಿಣದ ಪೈಪಿಗೆ ಸ್ಪ್ಯಾನರ್ ಬಡಿದ ಸದ್ದು ಆ ಬೀದಿಯಲ್ಲಿ ಮೂರು ಸಲ ಏಳುತ್ತಿತ್ತು. ಎದುರು ಮನೆಯವರು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಮೂಲೆಯ ಅಚ್ಚುಕೂಟದವರು ಕೈತೊಳೆಯಲು ಏಳುತ್ತಿದ್ದರು. ಊಟಕ್ಕೆ ಹೀಗೆ ಗಂಟೆ ಹೊಡೆಯುವ ಮನೆ ಎಂದರೆ ಎಂಥ ಶಿಸ್ತಿನ ಮನೆ ಇರಬೇಕು ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು. ಅದು ಶಿಸ್ತಲ್ಲ ಎನ್ನುವುದು ಹೊಡೆಯುತ್ತಿದ್ದವಳಿಗೆ ಮಾತ್ರ ಗೊತ್ತಿತ್ತು. ಹಿತ್ತಲ ಶೆಡ್ಡಿನಲ್ಲಿ ಗೇಟು ಬೆಸೆಯುತ್ತಿದ್ದ ಗಂಡನನ್ನು ಬಾಯಿಂದ ಕರೆದೂ ಕರೆದೂ ಅವಳ ಗಂಟಲು ಸೋತಿತ್ತು. ಪೈಪಿನ ದಪ್ಪ ಸದ್ದು ಮಾತ್ರ ಇನ್ನೂ ಅವನ ಕಿವಿಯ ಬಾಗಿಲು ತಟ್ಟುತ್ತಿತ್ತು.

ತಮಾಷೆ ಏನೆಂದರೆ, ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕಿವಿಯಣ್ಣ ಎಂದು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತು ವರ್ಷಗಳಿಂದ ಆ ಸುತ್ತಿನ ಯಾವ ವರ್ಕ್‌ಶಾಪಿನವರೇ ಆಗಲಿ, ಕಬ್ಬಿಣ ಕೊಯ್ಯುವ, ಬೆಸುಗೆ ಉಜ್ಜುವ ಆಂಗಲ್ ಗ್ರೈಂಡರ್ ಕೊಳ್ಳಬೇಕೆಂದರೆ ಕಿವಿಯಣ್ಣನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಅವನು ಮೆಷಿನ್ ಓಡಿಸಿ, ಸ್ವಿಚ್ ಆರಿಸಿ, ಕಣ್ಣು ಮುಚ್ಚಿ, ಕತ್ತು ವಾಲಿಸಿ ನಿಲ್ಲುತ್ತಿದ್ದ. ಕರೆಂಟು ನಿಂತ ಮೇಲೂ ಮೆಷಿನ್ನು ಒಂದಿಷ್ಟು ಹೊತ್ತು ತಾನೇ ಸುತ್ತುತ್ತ, ಸಣ್ಣಗಾಗುತ್ತ, ಕೊನೆಗೆ ಉಸಿರು ಬಿಡುತ್ತದಲ್ಲ, ಆ ಕೊನೆಯ ದನಿಯನ್ನು ಅವನು ಕೇಳುತ್ತಿದ್ದ. "ಓಡುವಾಗ ಎಲ್ಲ ಮೆಷಿನ್ನೂ ಸುಳ್ಳು ಹೇಳುತ್ತೆ. ನಿಲ್ಲುವಾಗ ಮಾತ್ರ ನಿಜ ಹೇಳೋದು" ಅನ್ನುವುದು ಅವನ ಮಾತು. ಆ ಹೊತ್ತಿಗೆ ಅಂಗಡಿಯಲ್ಲಿ ಕೆಮ್ಮುವವರೂ ಕೆಮ್ಮನ್ನು ನುಂಗಿಕೊಳ್ಳುತ್ತಿದ್ದರು. ಅವನು ಕಣ್ಣು ತೆರೆದು "ಇದು" ಅಂದರೆ ಇದೇ.

ಅವನು ಆರಿಸಿದ ಮೆಷಿನ್ನುಗಳು ಸುಟ್ಟುಹೋಗುತ್ತಲೇ ಇರಲಿಲ್ಲವೆ? ಹೋಗುತ್ತಿದ್ದವು, ಬೇಕಾದಷ್ಟು. ಆದರೆ ಸುಟ್ಟಾಗ ಕೊಂಡವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಕಿವಿಯಣ್ಣ ಕೇಳಿ ಕೊಟ್ಟ ಮೆಷಿನ್ನನ್ನೇ ಸುಟ್ಟುಕೊಂಡೆವಲ್ಲ, ನಮ್ಮ ಕೈಯೇ ಸರಿಯಿಲ್ಲ, ಅಂತ. ತಪ್ಪೊಪ್ಪಿಕೊಂಡವರ ಮುಖ ಹೊತ್ತು ಅವರು ಆ ಮೆಷಿನ್ನನ್ನು ರಿಪೇರಿಗೆ ತರುತ್ತಿದ್ದದ್ದು ಎಲ್ಲಿಗೆ ಅಂದರೆ, ಅವನ ಮನೆಯ ಮುಂದಿನ ಕೋಣೆಗೇ. ಅಲ್ಲಿ ಅವನ ಹೆಂಡತಿ, ವೈಂಡಿಂಗ್ ಅಕ್ಕ, ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುತ್ತ ಕೂತಿರುತ್ತಿದ್ದಳು. ಮೆಷಿನ್ನಿನ ಹೊಟ್ಟೆ ಬಿಚ್ಚಿ, ಮೂಸಿ, ಯಾವುದು ಯಾತಕ್ಕೆ ಸತ್ತಿತು ಎಂದು ಅವಳು ಹೇಳಬಲ್ಲಳು. ಆರಿಸಿಕೊಟ್ಟವನು ಯಾರು ಎಂದು ಮಾತ್ರ ಅವಳು ಯಾವತ್ತೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ, ಹಿಂದಿನಿಂದ ಬಂದ ಸೈಕಲ್ಲೊಂದು ಗಂಟೆ ಹೊಡೆಯುತ್ತಲೇ ಬಂದು ಕಿವಿಯಣ್ಣನ ತೊಡೆಗೆ ಗುದ್ದಿತು. ಅವನು ಸೈಕಲ್ಲಿನವನಿಗೇ ಜೋರು ಮಾಡಿದ, "ಬೆಲ್ಲು ಯಾಕೆ ಇಟ್ಟಿರೋದು, ಚಂದಕ್ಕಾ?" ಜೊತೆಗಿದ್ದ ಹೆಂಡತಿ ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ನರ್ಸು ಅವನ ತಲೆಗೆ ಏನನ್ನೋ ತೊಡಿಸಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿಸಿದಾಗಲೆಲ್ಲ ಒತ್ತಿ ಅಂದಳು. ಗಾಜಿನ ಆಚೆ ಅವಳ ಹೆಬ್ಬೆರಳು ಕಾಣುತ್ತಿತ್ತು. ಆ ಹೆಬ್ಬೆರಳು ಆಡಿದಾಗಲೆಲ್ಲ ಇವನೂ ಒತ್ತಿದ. "ಈ ವಯಸ್ಸಿನಲ್ಲಿ ಇಂಥ ಕಿವಿ ನಾನು ನೋಡೇ ಇಲ್ಲ" ಎಂದು ನರ್ಸು ಚೀಟಿ ಬರೆದುಕೊಟ್ಟಳು.

ಮನೆಗೆ ಬಂದ ಮೇಲೆ ಹೆಂಡತಿ ಬಾಗಿಲ ಹಿಂದೆ ನಿಂತು ಆ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಒಳಗೆ ಕೂತವನು ಅಲುಗಲಿಲ್ಲ. ಅಷ್ಟು ಸಾಕಾಯಿತು ಅವಳಿಗೆ. ಮರುದಿನದಿಂದ ಸ್ಪ್ಯಾನರ್ ಶುರುವಾಯಿತು.

ದಪ್ಪ ಸದ್ದು ಅವನಿಗೆ ಕೇಳಿಸುತ್ತಿತ್ತು. ಎದುರು ಕೂತು ಬಿಡಿಸಿ ಆಡಿದ ಮಾತು ತುಟಿ ನೋಡಿಕೊಂಡು ತಿಳಿಯುತ್ತಿತ್ತು. ಹೋದದ್ದು ಸಣ್ಣ ದನಿಗಳು. ಸೈಕಲ್ ಗಂಟೆ, ಹಕ್ಕಿ, ಮೆಷಿನ್ನಿನ ಕೊನೆಯ ಉಸಿರು. ಮೂವತ್ತು ವರ್ಷ ಯಾವ ಸದ್ದಿನಲ್ಲಿ ದುಡಿದನೋ ಅದೇ ಅವನ ಕಿವಿಯನ್ನು ಉಜ್ಜಿ ನಯಮಾಡಿತ್ತು.

ಹಾಗೆಂದು ಕಿವಿಯಣ್ಣ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಹೆಸರು ಅನ್ನುವುದು ಹೆಗಲ ಮೇಲೆ ಕೂತ ಮಗುವಿನ ಹಾಗೆ. ಕಾಲು ನೋಯುತ್ತೆ ಅಂತ ಇಳಿಸಿಬಿಡಲು ಆಗುತ್ತದೆಯೇ? ಕಣ್ಣು ಮುಚ್ಚಿ ಕತ್ತು ವಾಲಿಸುವುದನ್ನು ಅವನು ಹಾಗೇ ಉಳಿಸಿಕೊಂಡ. ಆದರೆ ಒಂದು ರೆಪ್ಪೆಯನ್ನು ಕೂದಲೆಳೆಯಷ್ಟು ತೆರೆದು ಸುತ್ತಲಿನವರ ಮುಖ ನೋಡುತ್ತಿದ್ದ. ಅಂಗೈಯನ್ನು ಮೆಷಿನ್ನಿನ ಕುತ್ತಿಗೆಗೆ ಒತ್ತಿ ಅದರ ನಡುಕ ಹಿಡಿಯುತ್ತಿದ್ದ. ಗೇರಿನ ಪೆಟ್ಟಿಗೆ ಬಿಸಿಯಾಗುತ್ತಿದೆಯೇ ನೋಡುತ್ತಿದ್ದ. ಚೀಲದಲ್ಲಿ ಒಯ್ದ ಕಬ್ಬಿಣದ ಪಟ್ಟಿಯನ್ನು ಅಂಗಡಿಯ ಹೊರಗೆ ಉಜ್ಜಿ, ಭಾರ ಬಿದ್ದಾಗ ಮೆಷಿನ್ನು ಅಳುತ್ತದೋ ದುಡಿಯುತ್ತದೋ ತೋಳಿನಿಂದ ತಿಳಿಯುತ್ತಿದ್ದ. ಇದೆಲ್ಲ ಬರೀ ಶಾಸ್ತ್ರಕ್ಕೆ, ತೀರ್ಪು ಮಾತ್ರ ಕಿವಿಯದೇ ಅಂತ ಜನ ತಿಳಿದಿದ್ದರು. ಅವನು ಆರಿಸಿದ ಮೆಷಿನ್ನುಗಳು ಈ ಎರಡು ವರ್ಷದಿಂದ ಮುಂದಿನ ಕೋಣೆಗೆ ಬರುವುದು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಅದನ್ನು ಕಂಡವಳು ಹೆಂಡತಿ ಒಬ್ಬಳೇ. ಕಂಡೂ ತಂತಿ ಸುತ್ತುತ್ತಿದ್ದಳು.

ಹೀಗಿರುವಾಗ ಮಗಳ ಫೋನು ಬಂತು.

ಮಗಳ ಮದುವೆಯಾಗಿ ಎಂಟು ತಿಂಗಳಾಗಿತ್ತು. ಬೀಗರದು ಮೆಟ್ಟಿಲಿಗೆ ಸ್ಟೀಲ್ ಕಂಬಿ ಕೂರಿಸುವ ಕೆಲಸ. ಒಂದೇ ವರ್ಷದಲ್ಲಿ ಎರಡು ಗ್ರೈಂಡರ್ ಸುಟ್ಟುಕೊಂಡಿದ್ದರು. ಹೆಂಡತಿ ಫೋನು ಹಿಡಿದು ಒಂದೊಂದೇ ಮಾತನ್ನು ಗಂಡನ ಎದುರು ಬಿಡಿಸಿ ಹೇಳಿದಳು.

"ಮೂರನೇದನ್ನ ಅಪ್ಪನೇ ಆರಿಸಿಕೊಡ್ತಾರೆ ಅಂತ ಮಾವನಿಗೆ ಮಾತು ಕೊಟ್ಟಿದ್ದಾಳಂತೆ. ಅಪ್ಪನ ಕಿವಿ ಕೇಳಿದ್ದು ಸುಡೋದೇ ಇಲ್ಲ ಅಂತ ಹೇಳಿದ್ದಾಳಂತೆ."

"ಹಾಗೆ ಯಾಕೆ ಹೇಳಿದಳು?"

"ಅವಳತ್ತೆ ಏನೋ ಅಂದಿದ್ದಾರೆ, ನಿಮ್ಮ ಕಡೆಯವರು ಅದು ಕೊಡಲಿಲ್ಲ, ಇದು ಗೊತ್ತಿಲ್ಲ ಅಂತ. ಇವಳಿಗೆ ರೋಷ ಬಂದಿದೆ. ನಮ್ಮಪ್ಪನಂಥ ಕಿವಿ ಎಲ್ಲಿದೆ ತೋರಿಸಿ ಅಂದುಬಿಟ್ಟಿದ್ದಾಳೆ."

ಕಿವಿಯಣ್ಣ ಬಾಯಿಗೆತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಬೇರೆಯವರ ಮೆಷಿನ್ನು ಸುಟ್ಟರೆ ಅವರು ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ. ಬೀಗರ ಮನೆಯ ಮೆಷಿನ್ನು ಸುಟ್ಟರೆ? ಬೀಗರು ಏನೂ ಅನ್ನಲಾರರು, ದೇವರಂಥವರು. ಆದರೆ ಆ ಸುಟ್ಟ ವಾಸನೆ ಅತ್ತೆಯ ಬಾಯಲ್ಲಿ ವರ್ಷಗಟ್ಟಲೆ ಇರುತ್ತದೆ. ಒಂದೊಂದು ಊಟಕ್ಕೂ ಮಗಳ ತಟ್ಟೆಗೆ ಅದನ್ನು ಒಂದೊಂದು ಚಮಚ ಬಡಿಸುತ್ತಾರೆ.

"ಬೂದಿ ಬಣ್ಣದ್ದನ್ನ ತಗೊಳ್ಳಿ" ಅಂದಳು ಹೆಂಡತಿ, ಫೋನಿಟ್ಟು.

"ಯಾವ ಬೂದಿ?"

"ಮೇಲೆ ಒಂದು ಗೀಟೂ ಇಲ್ಲ, ಹೊಳಪೂ ಇಲ್ಲ, ನಿಮ್ಮ ಹಾಗೆ ಇದೆ. ಅದು ನನ್ನ ಮೇಜಿಗೆ ಬರೋದು ಮೋಟಾರಿನ ಕಾರ್ಬನ್ ಬ್ರಶ್ ಸವೆದಾಗ ಮಾತ್ರ. ಅದನ್ನ ಬದಲಾಯಿಸೋಕೂ ಹೊಟ್ಟೆ ಬಿಚ್ಚಬೇಕಾಗಿಲ್ಲ, ಪಕ್ಕದಲ್ಲೇ ಮುಚ್ಚಳ ಇದೆ. ಗೇರಿಗೆ ಗ್ರೀಸು ಕಂಜೂಸು ಮಾಡದೆ ಹಾಕಿದ್ದಾರೆ."

"ಮಿಕ್ಕವು?"

"ಮಿಕ್ಕವುಗಳ ಮೇಲೆ ನಾನೇನೂ ಅನ್ನಬಾರದಪ್ಪ. ಇಷ್ಟು ವರ್ಷ ನಮ್ಮ ಹೊಟ್ಟೆ ಹೊರೆದಿವೆ."

ಕಿವಿಯಣ್ಣನಿಗೆ ಸಿಟ್ಟು ಬಂತು. "ನಿನ್ನ ಹತ್ತಿರ ಬರೋದು ಸತ್ತ ಮೆಷಿನ್ನು. ನಾನು ನೋಡೋದು ಬದುಕಿರೋದನ್ನ."

"ಡಾಕ್ಟರಿಗಿಂತ ಗುಂಡಿ ತೋಡೋನಿಗೆ ಜಾಸ್ತಿ ಗೊತ್ತಿರುತ್ತೆ" ಅಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಅಂಗಡಿಯವನ ಹೆಸರು ಗ್ಯಾರಂಟಿ. ಬೋಲ್ಟು ಕೇಳಿದರೂ, ಬಕೆಟ್ಟು ಕೇಳಿದರೂ ಗ್ಯಾರಂಟಿ ಅನ್ನದೆ ಕೊಟ್ಟವನಲ್ಲ. ಕಿವಿಯಣ್ಣ ಹೋದಾಗ ಬೀಗರು ಆಗಲೇ ಬಂದು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ಇಸ್ತ್ರಿ ಮಾಡಿದಂಥದೇ ಮುಖ. ಬೀಗರು ಎಷ್ಟು ಮರ್ಯಾದಸ್ಥರೆಂದರೆ, ಮದುವೆಯ ದಿನ ಕಿವಿಯಣ್ಣ ಅವರ ಕಾಲ್ಬೆರಳು ತುಳಿದು ಐದು ನಿಮಿಷ ನಿಂತಿದ್ದರೂ ಅವರು ಅಷ್ಟು ಹೊತ್ತೂ ಅಡುಗೆಯನ್ನು ಹೊಗಳುತ್ತಿದ್ದರು.

ಮೇಜಿನ ಮೇಲೆ ಮೂರು ಮೆಷಿನ್ನು. ಒಂದಕ್ಕೆ ಉದ್ದ ಹಿಡಿ, ಇನ್ನೊಂದಕ್ಕೆ ಪೈಲ್ವಾನನಂಥ ದಪ್ಪ ಕುತ್ತಿಗೆ. ಮೂರನೆಯದು ಬೂದಿ. ಅದನ್ನು ನೋಡಿದೊಡನೆ ಕಿವಿಯಣ್ಣ ಮುಖ ತಿರುಗಿಸಿಕೊಂಡ. ಬೀಗರು ಕರೆಸಿದ್ದು ಅವನ ಕಿವಿಯನ್ನು. ಹೆಂಡತಿ ಹೇಳಿದಳು ಅಂತ ತೀರ್ಪು ಕೊಟ್ಟರೆ ಬೀಗರ ಮುಂದೆ ಆ ಕಿವಿಗೆ ಬೆಲೆ ಏನು?

ಅವನು ಉದ್ದ ಹಿಡಿಯದಕ್ಕೆ ಕೈಹಾಕಿದ. ಬೀಗರು ಹಾರಿ ಬಂದರು.

"ಛೆ ಛೆ, ನೀವು ಹಿಡಿಯೋದೇ? ಹೆಣ್ಣು ಕೊಟ್ಟವರು ನೀವು. ಭಾರ ನಾನು ಹಿಡೀತೀನಿ. ನೀವು ಕೇಳಿ, ಅಷ್ಟು ಸಾಕು."

"ಅಲ್ಲ ಬೀಗರೇ, ಸ್ವಲ್ಪ ಕೈಗೆ ಕೊಟ್ಟರೆ..."

"ಇಲ್ಲ ಇಲ್ಲ. ನನ್ನ ಸೊಸೆ ನನ್ನನ್ನ ಏನಂದುಕೊಳ್ತಾಳೆ?"

ಕಬ್ಬಿಣದ ಪಟ್ಟಿ ತೆಗೆಯೋಣವೆಂದು ಚೀಲಕ್ಕೆ ಕೈಯಿಟ್ಟರೆ ಚೀಲವನ್ನೂ ಬೀಗರು ಇಸಿದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. ಕೂತುಕೊಳ್ಳಲು ಕುರ್ಚಿ ಹಾಕಿಸಿದರು. ಕಿವಿಯಣ್ಣ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಗಂಡಿನವರಿಗೆ ತೋರಿಸಲು ಕೂರಿಸಿದ ಹುಡುಗಿಯ ಹಾಗೆ ಕೂತ. ಕೈ ಹೋಯಿತು, ತೋಳು ಹೋಯಿತು. ಉಳಿದದ್ದು ಒಂದು ರೆಪ್ಪೆಯ ಸಂದು.

ಬೀಗರು ಉದ್ದ ಹಿಡಿಯದನ್ನು ಓಡಿಸಿ ಆರಿಸಿದರು. ಕಿವಿಯಣ್ಣ ಸಂದಿನಿಂದ ಅವರ ಮುಖ ನೋಡಿದ. ಏನೂ ಇಲ್ಲ, ಒಗೆದು ಹರವಿದ ಬಟ್ಟೆ. ಬೂದಿಯದನ್ನು ಓಡಿಸಿದರು. ಅದೇ ಬಟ್ಟೆ. ದಪ್ಪ ಕುತ್ತಿಗೆಯದನ್ನು ಓಡಿಸಿದರು. ಆಗ ಬೀಗರ ಮುಖದಲ್ಲಿ ಒಂದು ನಗೆ ಮೂಡಿತು. ಮೆಲ್ಲಗೆ ಅಗಲವಾಯಿತು. ಸ್ವಿಚ್ ಆರಿಸಿದ ಮೇಲಂತೂ ಅದು ಕಿವಿಯಿಂದ ಕಿವಿಗೆ ಹರಡಿ, ಕಣ್ಣಲ್ಲಿ ನೀರಾಡಿತು. ಗ್ಯಾರಂಟಿಯ ಮುಖದಲ್ಲೂ ಅಂಥದೇ ನಗೆ.

ಎಂಥ ಸಿಹಿ ದನಿಯೋ ಏನೋ, ಪಾಪ ಮನುಷ್ಯನಿಗೆ ಕಣ್ಣೀರೇ ಬಂತು, ಅಂದುಕೊಂಡ ಕಿವಿಯಣ್ಣ. ಕಣ್ಣು ತೆರೆದು, ಬೆರಳು ಚಾಚಿ, "ಇದು" ಅಂದ.

ಗ್ಯಾರಂಟಿ ಬೀಗರ ಮುಖ ನೋಡಿದ. ಆಮೇಲೆ ಬೀಗರು ತಲೆಬಾಗಿ, "ನೀವು ಹೇಳಿದ ಮೇಲೆ ಮುಗೀತು. ಕಟ್ಟಪ್ಪಾ" ಅಂದರು.

"ನೂರಕ್ಕೆ ನೂರು ಗ್ಯಾರಂಟಿ" ಅಂದ ಗ್ಯಾರಂಟಿ. ಡಬ್ಬಿಗೆ ಹಾಕುವ ಮುಂಚೆ ಸುಮ್ಮನೆ ಇನ್ನೊಂದು ಸಲ ಓಡಿಸಿದ.

ಕಿವಿಯಣ್ಣ ಆಗ ಬೀದಿಯ ಕಡೆ ನೋಡುತ್ತಿದ್ದ. ಎದುರಿನ ದರ್ಜಿ ಹೊಲಿಗೆ ಬಿಟ್ಟು ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಅಂಗಡಿಯ ಮೂಟೆಯ ಮೇಲಿದ್ದ ಬೆಕ್ಕು ಬಾಲ ಉಬ್ಬಿಸಿಕೊಂಡು ರಸ್ತೆ ದಾಟಿ ಓಡಿತು. ಮಹಡಿಯ ಮೇಲಿನ ಹೆಂಗಸೊಬ್ಬಳು ಕಿಟಕಿ ತೆರೆದು ಏನೋ ಹೇಳಿದಳು. ಏನೆಂದು ಕೇಳಿಸದಿದ್ದರೂ ಅದು ಹೊಗಳಿಕೆಯಲ್ಲ ಎಂಬುದು ಅವಳ ಕೈಯಲ್ಲೇ ಗೊತ್ತಾಗುತ್ತಿತ್ತು.

ಕಿವಿಯಣ್ಣ ಬೀಗರ ಕಡೆ ತಿರುಗಿದ.

"ಬೀಗರೇ, ಒಂದು ಮಾತು. ಇದರ ಸದ್ದು ನಿಮಗೆ ಹೇಗೆ ಕೇಳಿಸ್ತು?"

"ನನ್ನದೇನು ಬಿಡಿ."

"ಇಲ್ಲ, ಹೇಳಿ."

ಬೀಗರು ಅಂಗಿಯ ಗುಂಡಿ ಮುಟ್ಟಿಕೊಂಡರು. "ಸ್ವಲ್ಪ ಕೀರಲು ಇತ್ತು. ಗಾಜಿನ ಮೇಲೆ ಮೊಳೆ ಎಳೆದ ಹಾಗೆ. ಹಲ್ಲಿನ ಬೇರಿಗೇ ಹೋಯಿತು. ಆದರೆ ನೀವು ಇದು ಅಂದ ಮೇಲೆ, ಒಳ್ಳೇ ಮೆಷಿನ್ನಿನ ಸದ್ದು ಹೀಗೇ ಇರುತ್ತೆ ಅಂತ ತಿಳ್ಕೊಂಡೆ. ಇಷ್ಟು ವರ್ಷ ನಾವು ತಪ್ಪು ಸದ್ದನ್ನ ಒಳ್ಳೇದು ಅಂದುಕೊಂಡಿದ್ದೆವಲ್ಲ ಅನ್ನಿಸ್ತು."

ಈಗಲೂ ಸುಮ್ಮನಿದ್ದರೆ ಆಯಿತು, ಡಬ್ಬಿ ಕಟ್ಟುತ್ತಾರೆ. ಬೀಗರು ಆ ಕೀರಲಿಗೆ ದಿನವೂ ಕೈಮುಗಿದು ಕೆಲಸ ಮಾಡುತ್ತಾರೆ. ಮೂರು ತಿಂಗಳಿಗೆ ಅದು ಸುಡುತ್ತದೆ. ಅಂಗಡಿಯಲ್ಲಿ ಹೆಸರು ಉಳಿಯುತ್ತದೆ, ಉಣ್ಣುವುದು ಮಗಳು. ಕಿವಿಯಣ್ಣ ಕುರ್ಚಿಯಿಂದ ಎದ್ದ.

"ಬೀಗರೇ, ನನಗೆ ಕಿವಿ ಕೇಳಿಸಲ್ಲ."

ಬೀಗರು ನಕ್ಕರು. ಗ್ಯಾರಂಟಿಯೂ ನಕ್ಕ. "ನೋಡಿದಿರಾ ಯಜಮಾನರೇ, ತುಂಬಿದ ಕೊಡ ತುಳುಕಲ್ಲ" ಅಂದ.

"ವಿನಯಕ್ಕೆ ಹೇಳ್ತಿಲ್ಲ. ಎರಡು ವರ್ಷ ಆಯ್ತು. ಸಣ್ಣ ಸದ್ದು ಒಂದೂ ಬರಲ್ಲ."

"ಎಂಥ ದೊಡ್ಡ ಮನಸ್ಸು" ಅಂದರು ಬೀಗರು, ಕಣ್ಣೊರೆಸಿಕೊಂಡು. ಆ ಕಣ್ಣೀರು ಹಿಂದಿನ ಸದ್ದಿನದು.

ಹೊಗಳಿಕೆಯ ಗುಂಡಿಗೆ ಬಿದ್ದವನು ಹತ್ತಿ ಬರುವುದು ಇಷ್ಟು ಕಷ್ಟ ಅಂತ ಕಿವಿಯಣ್ಣನಿಗೆ ಗೊತ್ತಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ನಿಂತ. "ಬೇಕಾದರೆ ಪರೀಕ್ಷೆ ಮಾಡಿ. ಅದನ್ನ ಓಡಿಸಿ, ಆರಿಸಿ. ಯಾವಾಗ ಪೂರ್ತಿ ನಿಂತಿತು ಅಂತ ಹೇಳ್ತೀನಿ. ನೀವೂ ನೋಡ್ತಿರಿ."

ಗ್ಯಾರಂಟಿ ಓಡಿಸಿದ. ಗೋಡೆಯ ಕಡೆಗಿದ್ದವನಿಗೆ ಮೋಟಾರಿನ ಗುಂಯ್ ಎಲ್ಲೋ ದೂರದ ಗಾಳಿಯಂತೆ ಬಂತು. ಆಮೇಲೆ ಗಾಳಿ ನಿಂತಿತು. "ಈಗ ನಿಂತಿತು" ಅಂದ ಕಿವಿಯಣ್ಣ.

ತಿರುಗಿ ನೋಡಿದರೆ ಮೆಷಿನ್ನು ಇನ್ನೂ ಸುತ್ತುತ್ತಲೇ ಇತ್ತು. ಗ್ಯಾರಂಟಿ ಭುಜಕ್ಕೆ ಕಿವಿ ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು ಅದನ್ನು ಹಿಡಿದಿದ್ದ. ಬೀಗರು ಎಲ್ಲ ಮರ್ಯಾದೆ ಬಿಟ್ಟು, ಮೊದಲ ಸಲ, ಎರಡೂ ಕಿವಿ ಮುಚ್ಚಿಕೊಂಡಿದ್ದರು.

"ಹಾಗಾದರೆ..." ಅಂದರು ಬೀಗರು, ಕೈ ಇಳಿಸಿ. ಅವರ ಮುಖದ ಇಸ್ತ್ರಿ ಕಳಚಿತ್ತು. "ಹಾಗಾದರೆ ನಾವೀಗ ಯಾವುದನ್ನ ತಗೊಳ್ಳೋದು?"

"ಚೀಲ ಕೊಡಿ" ಅಂದ ಕಿವಿಯಣ್ಣ.

ಈ ಸಲ ಬೀಗರು ಕೊಟ್ಟರು. ಕಿವಿಯಣ್ಣ ಬೂದಿ ಬಣ್ಣದ್ದನ್ನು ಎತ್ತಿಕೊಂಡು ಅಂಗಡಿಯ ಹೊರಗಿನ ಕಟ್ಟೆಗೆ ಹೋಗಿ, ಕನ್ನಡಕ ಹಾಕಿ, ಕಬ್ಬಿಣದ ಪಟ್ಟಿಯನ್ನು ಕಾಲಿನಡಿ ಒತ್ತಿ ಹಿಡಿದು ಉಜ್ಜಿದ. ಕಿಡಿಗಳು ಒಂದೇ ಹದದಲ್ಲಿ ಬೀಸಣಿಗೆಯಂತೆ ಹರಡಿದವು. ಒತ್ತಿದ, ಇನ್ನೂ ಒತ್ತಿದ. ಮೆಷಿನ್ನು ಬಗ್ಗಲಿಲ್ಲ. ಆರಿಸಿ, ಕುತ್ತಿಗೆಯನ್ನು ಅಂಗೈಯಲ್ಲಿ ಹಿಡಿದ. ಅದು ಮಡಿಲಲ್ಲಿ ನಿದ್ದೆಹೋದ ಕೂಸಿನಷ್ಟು ಬೆಚ್ಚಗಿತ್ತು, ಅದಕ್ಕಿಂತ ಹೆಚ್ಚಿಲ್ಲ.

"ಇದು" ಅಂದ. ಈ ಸಲ ಕಣ್ಣು ತೆರೆದೇ ಇತ್ತು. "ಇದನ್ನ ನಾನು ಆರಿಸಿದ್ದಲ್ಲ, ನಿಮ್ಮ ಬೀಗಿತ್ತಿ ಆರಿಸಿದ್ದು. ಇಷ್ಟು ವರ್ಷ ಸುಟ್ಟದ್ದನ್ನೆಲ್ಲ ಬಿಚ್ಚಿದವಳು ಅವಳು. ಇದನ್ನ ಬಿಚ್ಚೋ ಕೆಲಸ ಅವಳಿಗೆ ಬಂದಿಲ್ಲ. ಮಧ್ಯೆ ಮಧ್ಯೆ ಆರಿಸಿ ತಣ್ಣಗಾಗೋಕೆ ಬಿಡಿ, ಗಾಳಿ ಕಿಂಡಿಗೆ ಕೈ ಅಡ್ಡ ಇಡಬೇಡಿ. ಕಾರ್ಬನ್ ಸವೆದರೆ ಮನೆಗೆ ಕಳಿಸಿ."

"ಇದಕ್ಕೂ ಗ್ಯಾರಂಟಿ" ಅಂದ ಗ್ಯಾರಂಟಿ, ಸಣ್ಣ ದನಿಯಲ್ಲಿ. ಯಾರೂ ಅವನ ಕಡೆ ನೋಡಲಿಲ್ಲ.

ಬೀಗರು ಕಟ್ಟೆಯ ಮೇಲೆ ಪಕ್ಕದಲ್ಲಿ ಬಂದು ಕೂತರು. ಎಂಟು ತಿಂಗಳಲ್ಲಿ ಮೊದಲ ಸಲ ಅವರು ಬೆನ್ನು ಬಾಗಿಸಿ ಕೂತದ್ದು. ಇವನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದರು.

"ಬೀಗರೇ, ನೀವು ಇಷ್ಟು ಬಿಚ್ಚಿ ಮಾತಾಡಿದ್ದಕ್ಕೆ ನಾನೂ ಒಂದು ಹೇಳ್ತೀನಿ. ಬೇಜಾರು ಮಾಡ್ಕೋಬಾರದು."

"ಹೇಳಿ."

"ಮದುವೆಗೆ ನೀವು ಮಾಡಿಕೊಟ್ಟಿರಲ್ಲ, ಗೇಟು."

"ಹೌದು. ಏನಾಯ್ತು?"

"ಏನೂ ಆಗಿಲ್ಲ. ಬಹಳ ಚಂದದ ಗೇಟು. ನೋಡಿದವರೆಲ್ಲ ಕೇಳ್ತಾರೆ. ತೆಗೆಯುವಾಗ ಮಾತ್ರ ಸ್ವಲ್ಪ..." ಬೀಗರು ಅಂಗಡಿಯ ಕಡೆ, ಆ ದಪ್ಪ ಕುತ್ತಿಗೆಯ ಮೆಷಿನ್ನಿನ ಕಡೆ ಕೈತೋರಿಸಿದರು. "ಸದ್ದಿನಲ್ಲಿ ಇದು ಅದರ ತಮ್ಮ ಅನ್ನಿ."

ಕಿವಿಯಣ್ಣ ಹದಿನೈದು ಸಲವಾದರೂ ಆ ಗೇಟು ತೆಗೆದು ಒಳಗೆ ಹೋಗಿದ್ದ. ಹೋದಾಗಲೆಲ್ಲ ಬೀಗರ ಮನೆಯವರು ಅಗಲವಾಗಿ ನಗುತ್ತ ಬಾಗಿಲಿಗೆ ಬಂದಿರುತ್ತಿದ್ದರು. ಎಂಥ ಪ್ರೀತಿ ಅಂದುಕೊಂಡಿದ್ದ.

"ಎಂಟು ತಿಂಗಳಿಂದ?"

"ಮೊದಲ ದಿನದಿಂದ. ಎಣ್ಣೆ ಬಿಟ್ಟೆವು, ಹೋಗಲಿಲ್ಲ. ನಿಮಗೆ ಹೇಳೋದು ಹೇಗೆ? ನಮ್ಮನೆಯವಳು ಆಗಾಗ ಏನಾದರೂ ಅಂತಾಳೆ, ಅವಳ ಬಾಯಿ ನಿಮಗೆ ಗೊತ್ತಲ್ಲ. ಆದರೆ ಸೊಸೆ ಒಂದು ಉಪಾಯ ಕಂಡುಕೊಂಡಿದ್ದಾಳೆ. ಬೆಳಿಗ್ಗೆ ಹಾಲು ತರೋಕೆ ಅವಳೇ ಮೊದಲು ಏಳೋದು. ಆಗ ಎರಡೂ ಕೈಯಲ್ಲಿ ಗೇಟನ್ನ ಹೀಗೆ ಮೇಲಕ್ಕೆ ಎತ್ತಿ ಹಿಡಿದು ಜರುಗಿಸ್ತಾಳೆ. ಆಗ ಸದ್ದಾಗಲ್ಲ. ನಿಮ್ಮ ಗೇಟು ಕಿರುಗುಟ್ಟಿತು ಅಂತ ಯಾರೂ ಅನ್ನಬಾರದು, ಅದಕ್ಕೆ. ಹುಡುಗಿ ತೆಳ್ಳಗಿದ್ದಾಳೆ, ಗೇಟೇನು ಹಗುರ ಇಲ್ಲ, ನಾನು ಎಷ್ಟೋ ಸಲ ಕಿಟಕಿಯಿಂದ ನೋಡಿ..."

"ಮೇಲಿನ ತಿರುಗಣಿಯೋ, ಕೆಳಗಿನದೋ?"

"ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು? ಎತ್ತಿದರೆ ಸದ್ದು ನಿಲ್ಲುತ್ತೆ ಅಂದರೆ..."

ಎತ್ತಿದರೆ ನಿಲ್ಲುತ್ತದೆ ಅಂದರೆ ಕೆಳಗಿನದೇ. ಬೆಸುಗೆಯ ಗಂಟು ಉಜ್ಜದೆ ಉಳಿದಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ. ಎರಡು ನಿಮಿಷದ ಕೆಲಸ. ಕಿವಿಯಣ್ಣ ಮೆಷಿನ್ನಿನ ತಂತಿಯನ್ನು ಅದರ ಸೊಂಟಕ್ಕೆ ಸುತ್ತಿ, ಚೀಲ ಹೆಗಲಿಗೇರಿಸಿ, ಕಟ್ಟೆಯಿಂದ ಇಳಿದ.

"ಅಲ್ಲ, ಊಟ ಮಾಡಿಕೊಂಡು ನಿಧಾನವಾಗಿ ಹೋಗೋಣ" ಅಂದರು ಬೀಗರು ಏಳುತ್ತ. "ಅದೇನು ಅವಸರದ್ದಲ್ಲ. ಅದೂ ಅಲ್ಲದೆ ನಾನು ಹೇಳಿದೆ ಅಂತ ಸೊಸೆಗೆ ಗೊತ್ತಾಗಬಾರದು, ಅವಳು ಬೇಜಾರು ಮಾಡ್ಕೋತಾಳೆ, ನೀವಾಗೇ ಬಂದ ಹಾಗೆ ಇರಲಿ, ನಾವು ಮೊದಲು ಹಿಂದಿನ ಬಾಗಿಲಿಂದ..."

ಕಿವಿಯಣ್ಣ ಆಗಲೇ ದರ್ಜಿಯ ಅಂಗಡಿ ದಾಟಿದ್ದ.